ಟೈಲ್ಸ್ ಸಂದಿಗೆ ಯಾವ ಬಣ್ಣ?

ನೆಲೋಗಿ ಸೀಮೆಯ ಮನೆಗಳಲ್ಲಿ ನೆಲ ಎಂದರೆ ಶಹಾಬಾದ್ ಪರಸಿ ಎಂಬ ಕಾಲವಿತ್ತು. ಬೂದು ಕಲ್ಲಿಗೆ ಬೂದು ಸಿಮೆಂಟಿನ ಸಂದು. ಬಣ್ಣದ ಪ್ರಶ್ನೆಯೇ ಏಳುತ್ತಿರಲಿಲ್ಲ. ಈಗ ಟೈಲ್ಸ್ ಆರಿಸಲು ಮನೆ ಮಂದಿಯೆಲ್ಲ ಜೇವರ್ಗಿಗೋ ಕಲಬುರಗಿಗೋ ಹೋಗುತ್ತಾರೆ. ಸಂದಿಗೆ ತುಂಬುವ ಗ್ರೌಟ್ ಬಣ್ಣವನ್ನು ಮಾತ್ರ ಗೌಂಡಿಗೆ ಬಿಟ್ಟುಬಿಡುತ್ತಾರೆ. ಗೌಂಡಿ ಕೈಗೆ ಮೊದಲು ಸಿಗುವುದು ಬಿಳಿ ಸಿಮೆಂಟು.

ಮೊದಲು ಕೊಳೆ ನೋಡಿ

ನಿಮ್ಮ ಮನೆಗೆ ಬರುವ ಕೊಳೆ ಯಾವ ಬಣ್ಣದ್ದು? ಇದೇ ಮೊದಲ ಪ್ರಶ್ನೆ. ಹೊಲದಿಂದ ಬಂದವರು ಕಾಲು ತೊಳೆಯುವುದು ಬಚ್ಚಲಲ್ಲಿ. ಮಳೆಗಾಲದ ಎರೆಮಣ್ಣು ಬಿಳಿ ಸಂದಿಗೆ ಇಳಿದರೆ ಎಷ್ಟು ತಿಕ್ಕಿದರೂ ಪೂರ್ತಿ ಹೋಗದು. ಹಾಗಂತ ಕಪ್ಪು ಗ್ರೌಟ್ ತಂದವರಿಗೆ ಬೇರೆ ತಾಪತ್ರಯ: ಬೋರ್‌ವೆಲ್ಲಿನ ಸವಳು ನೀರು ಒಣಗಿದಲ್ಲೆಲ್ಲ ಬಿಳಿ ಉಪ್ಪಿನ ಗೆರೆ ಬಿಡುತ್ತದೆ. ಕಪ್ಪಿನ ಮೇಲೆ ಅದು ಎದ್ದು ಕಾಣುತ್ತದೆ. ಆದ್ದರಿಂದ ಬಚ್ಚಲ ನೆಲಕ್ಕೆ ನನ್ನ ಆಯ್ಕೆ ನಡುವಿನ ಬೂದು. ಮಣ್ಣನ್ನೂ ಉಪ್ಪನ್ನೂ ಅದು ಅಷ್ಟಾಗಿ ತೋರಿಸದು.

ಗೋಡೆಗೆ ಟೈಲ್ಸ್ ಬಣ್ಣಕ್ಕೆ ಹತ್ತಿರದ್ದೇ ಸಾಕು, ಒಂದು ಛಾಯೆ ಗಾಢವಾಗಿರಲಿ. ಬಿಳಿ ಟೈಲ್ಸಿಗೆ ಕಪ್ಪು ಗೆರೆ ಫೋಟೋದಲ್ಲಿ ಚೆಂದ. ಆದರೆ ಸಂದು ಕೂದಲೆಳೆಯಷ್ಟು ಸೊಟ್ಟಗಾದರೂ ಎದುರು ಬಣ್ಣ ಅದನ್ನು ಊರಿಗೆಲ್ಲ ಸಾರುತ್ತದೆ. ಗೌಂಡಿಯ ಕೈಗೆಲಸ ನೋಡಿ ನಿರ್ಧರಿಸಿ.

ಅಡುಗೆಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಒಗ್ಗರಣೆ ಸಿಡಿಯುತ್ತದೆ. ಅರಿಶಿನ, ಎಣ್ಣೆ, ಕೆಂಪುಖಾರ ಮೂರೂ ಸಿಮೆಂಟ್ ಗ್ರೌಟಿನೊಳಗೆ ಇಳಿಯುತ್ತವೆ. ಅಷ್ಟು ಗೋಡೆಗಾದರೂ ಎಪಾಕ್ಸಿ ಗ್ರೌಟ್ ಹಾಕಿಸಿ. ಬೆಲೆ ಕೆಲವು ಪಟ್ಟು ಹೆಚ್ಚು, ಆದರೆ ಜಾಗ ಚಿಕ್ಕದು. ಬಣ್ಣ ತಿಳಿ ಕಂದು ಅಥವಾ ಬೂದು ಇರಲಿ.

ತುಂಡಿನ ಮೇಲೆ ಪರೀಕ್ಷೆ

ಅಂಗಡಿಯ ಶೇಡ್ ಕಾರ್ಡ್ ನಂಬಿ ಕೊಳ್ಳಬೇಡಿ. ಉಳಿದ ನಾಲ್ಕು ಟೈಲ್ಸ್ ತುಂಡನ್ನು ಹಲಗೆಯ ಮೇಲೆ 2 ಅಥವಾ 3 ಮಿ.ಮೀ. ಸಂದು ಬಿಟ್ಟು ಅಂಟಿಸಿ, ಎರಡು ಬಣ್ಣ ತುಂಬಿ. ಹಸಿ ಇದ್ದಾಗ ಸಿಮೆಂಟ್ ಗ್ರೌಟ್ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಎರಡು ದಿನ ಬಿಟ್ಟು, ಬಚ್ಚಲ ದೀಪದ ಬೆಳಕಿನಲ್ಲೇ ನೋಡಿ. ಆಮೇಲೆ ಅದರ ಮೇಲೆ ಅರಿಶಿನ ಕಲಸಿದ ಎಣ್ಣೆ ಒಂದು ಹನಿ ಬಿಟ್ಟು, ರಾತ್ರಿ ಕಳೆದ ಮೇಲೆ ಸೋಪಿನ ನೀರಲ್ಲಿ ಒರೆಸಿ. ಅಂಗಡಿಯವರು ಹೇಳದ್ದನ್ನು ಆ ಹನಿ ಹೇಳುತ್ತದೆ.

ತುಂಬುವ ದಿನ

ಟೈಲ್ಸ್ ಕೂಡಿಸಿ ಕನಿಷ್ಠ 24 ಗಂಟೆ ಕಳೆದಿರಲಿ. ಸಂದಿಯ ಧೂಳು, ಒಣಗಿದ ಸಿಮೆಂಟು ಕೆರೆದು ತೆಗೆಯಿರಿ. ಇಡೀ ಕೋಣೆಗೆ ಬೇಕಾದ ಪಾಕೀಟುಗಳನ್ನು ಒಂದೇ ಬ್ಯಾಚಿನದು ನೋಡಿ ತನ್ನಿ. ಕಲಸಲು ಸವಳು ನೀರು ಬೇಡ, ಕುಡಿಯುವ ನೀರು ಬಳಸಿ. ಅಳತೆಯೂ ಪ್ರತಿ ಸಲ ಒಂದೇ ಇರಲಿ. ಬಿಸಿಲಿಗೆ ಬೇಗ ಗಟ್ಟಿಯಾಯಿತೆಂದು ಮತ್ತೆ ನೀರು ಸುರಿದರೆ ಅಲ್ಲಲ್ಲಿ ಬಣ್ಣ ಪೇಲವವಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆಯೇ ಮುಗಿಯಬೇಕು. ಎಪಾಕ್ಸಿಯನ್ನಂತೂ ಸ್ವಲ್ಪ ಸ್ವಲ್ಪವೇ ಕಲಸಿ, ಟೈಲ್ಸ್ ಮೇಲೆ ಉಳಿದ ಪೊರೆಯನ್ನು ಕೂಡಲೇ ಒರೆಸಬೇಕು.

ಉಪ್ಪಿನ ಕಲೆಗೆಂದು ಆ್ಯಸಿಡ್ ಸುರಿಯುವ ರೂಢಿ ಬಿಡಿ. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ. ಪಕ್ಕದಲ್ಲಿ ಶಹಾಬಾದ್ ಪರಸಿ ಇದ್ದರೆ ಸುಣ್ಣದ ಕಲ್ಲಾದ ಅದನ್ನೂ ಬಿಡುವುದಿಲ್ಲ. ಸ್ನಾನವಾದ ಮೇಲೆ ವೈಪರಿನಿಂದ ನೀರು ಎಳೆದುಬಿಟ್ಟರೆ ಉಪ್ಪು ಕೂರುವುದೇ ಕಡಿಮೆ.

ಪಾಕೀಟು ಎಸೆಯುವ ಮುನ್ನ ಅದರ ಮೇಲಿನ ಶೇಡ್ ಹೆಸರು, ನಂಬರಿನ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಒಡೆದ ಒಂದು ಟೈಲ್ ಬದಲಿಸುವಾಗ ಬೇಕಾಗುತ್ತದೆ.