ಬೇಸಿಗೆಯಲ್ಲಿ ಎಮ್ಮೆಯ ಸಂಕಟ

ವೈಶಾಖದ ಬಿಸಿಲಿನಲ್ಲಿ ಎಮ್ಮೆಯು ಹಾಲು ತಗ್ಗಿಸಿದರೆ ನೆರೆಯವರ ದೃಷ್ಟಿ ತಾಕಿತೆಂದು ಹೇಳಿ ಕೆಲವರು ಜಗಳಕ್ಕೆ ನಿಲ್ಲುವದುಂಟು. ನೆರೆಯವರಲ್ಲಿ ತಪ್ಪಿಲ್ಲ, ಎಮ್ಮೆಯ ಚರ್ಮವನ್ನು ನೋಡತಕ್ಕದ್ದು. ಅದು ಕಪ್ಪಾಗಿರುವದರಿಂದ ಬಿಸಿಲನ್ನು ಬಹಳವಾಗಿ ಹೀರುತ್ತದೆ, ರೋಮಗಳು ವಿರಳ, ಬೆವರಿನ ಗ್ರಂಥಿಗಳಾದರೋ ಆಕಳಿಗಿಂತ ಬಹು ಕಡಿಮೆ. ಆದದರಿಂದ ಮೈಯ ಕಾವನ್ನು ಇಳಿಸಲು ಅದಕ್ಕೆ ಕೆಸರೂ ನೀರೂ ಬೇಕು. ಎಮ್ಮೆ ಹೊಂಡದಲ್ಲಿ ಬಿದ್ದಿರುವದು ಸೋಮಾರಿತನವಲ್ಲ.

ರಾಯಚೂರು, ಕಲಬುರಗಿ ಸೀಮೆಗಳಲ್ಲಿ ಬೇಸಿಗೆಯ ಉಷ್ಣವು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಎಮ್ಮೆಯ ಮೈಶಾಖವೋ ಸುಮಾರು 38.5 ಡಿಗ್ರಿ. ಗಾಳಿಯೇ ಮೈಗಿಂತ ಬಿಸಿಯಾದಾಗ, ನೀರು ಆರುವದರಿಂದಲೇ ಮೈ ತಂಪಾಗಬೇಕು. ಇಲ್ಲವಾದರೆ ಎಮ್ಮೆಯು ಬಾಯಿ ತೆರೆದು ಏದುತ್ತದೆ, ಜೊಲ್ಲು ಸುರಿಸುತ್ತದೆ, ಮೇವನ್ನು ಬಿಡುತ್ತದೆ. ಯಾಕಂದರೆ ಹೊಟ್ಟೆಯಲ್ಲಿ ಮೇವು ಹುಳಿತು ಅರಗುವಾಗಲೂ ಕಾವು ಹುಟ್ಟುತ್ತದೆ. ಮೇವು ಬಿಟ್ಟರೆ ಹಾಲು ತಗ್ಗುತ್ತದೆ. ಬೆದೆಯ ಲಕ್ಷಣವೂ ಕಾಣದೆ ಹೋಗಿ, ಒಂದು ಕರುವೇ ಕೈ ತಪ್ಪೀತು.

ಹೀಗಿರಲಾಗಿ ಒಣಮೇವನ್ನು ಸಂಜೆ ತಂಪಾದ ಮೇಲೆ ಹಾಕಿರಿ. ಮಧ್ಯಾಹ್ನ ಬೇವಿನ ನೆರಳಿಗೆ ಕಟ್ಟಿ, ಕುಡಿಯುವ ನೀರನ್ನು ಹತ್ತಿರವೇ ಇಡಿರಿ. ಮೈಮೇಲೆ ನೀರು ಹೊಯ್ಯುವ ಸ್ಥಳದಲ್ಲಿ ಗಾಳಿಯಾಡಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಆವಿ ನಿಂತು ಸಂಕಟ ಹೆಚ್ಚುತ್ತದೆ. ತೂರಾಡಿ ಬಿದ್ದ ಎಮ್ಮೆಗೆ ಗೊಟ್ಟದಿಂದ ನೀರು ಕುಡಿಸಬೇಡಿರಿ, ಅದು ಶ್ವಾಸಕೋಶಕ್ಕೆ ಇಳಿದೀತು. ತಲೆಗೂ ಮೈಗೂ ತಣ್ಣೀರು ಸುರಿಯುತ್ತಾ ಪಶುವೈದ್ಯರಿಗೆ ಹೇಳಿಕಳುಹಿಸಿರಿ.