ಫಿಯೆಟ್ ಕಾರಿನ ಲೆಕ್ಕದ ಪುಸ್ತಕ

ಅಪ್ಪನ ಫಿಯೆಟ್‌ಗೆ ಒಂದು ಲೆಕ್ಕದ ಪುಸ್ತಕವಿದೆ. 1986ರಲ್ಲಿ ಕಾರು ಮನೆಗೆ ಬಂದ ದಿನದಿಂದ ಹಾಕಿಸಿದ ಪೆಟ್ರೋಲು, ಬದಲಿಸಿದ ಫ್ಯಾನ್ ಬೆಲ್ಟು, ಪಂಕ್ಚರ್‌ಗೆ ಕೊಟ್ಟ ಚಿಲ್ಲರೆ ಎಲ್ಲವೂ ಅದರಲ್ಲಿದೆ. ಆರ್‌ಸಿಯಲ್ಲಿ ಅದರ ಹೆಸರು ಪ್ರೀಮಿಯರ್ ಪದ್ಮಿನಿ. ನಮ್ಮ ಬೀದಿಯಲ್ಲಿ ಯಾರೂ ಹಾಗೆ ಕರೆದದ್ದಿಲ್ಲ. 2014ರಲ್ಲಿ ಅಪ್ಪನ ಕಣ್ಣು ಮಂಜಾಯಿತು, ಕೀಲಿಕೈ ಜೊತೆ ಪುಸ್ತಕವೂ ನನ್ನ ಕೈಗೆ ಬಂತು. ಅಲ್ಲಿಂದೀಚೆಗೆ ನನ್ನ ಅಕ್ಷರದಲ್ಲಿರುವ ಪುಟಗಳಲ್ಲಿ ಎರಡು ದಡ್ಡತನಗಳು ದಾಖಲಾಗಿವೆ.

ಸ್ವಂತ ಬಳಕೆಯ ಕಾರಿನ ಆರ್‌ಸಿಗೆ 15 ವರ್ಷ ಆಯುಸ್ಸು. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಓ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಿ, ರಸ್ತೆಗೆ ಲಾಯಕ್ಕಾಗಿದೆ ಅನ್ನಿಸಿಕೊಂಡು ನವೀಕರಿಸಬೇಕು. ಜನ ಇದನ್ನು ‘ಎಫ್‌ಸಿ ಮಾಡಿಸೋದು’ ಅಂತಾರೆ.

2016ರಲ್ಲಿ ಆ ಸರದಿ ಬಂದಾಗ ಏಜೆಂಟರೊಬ್ಬರು ಸಿಕ್ಕರು. “ಗಾಡಿ ತರೋದೇ ಬೇಡ ಸಾರ್, ನಾನು ನೋಡ್ಕೋತೀನಿ” ಅಂದರು. ನನಗೂ ರಜೆ ಉಳಿಯಿತು. ‘ಎಫ್‌ಸಿ ಖರ್ಚು: 4,000’ ಅಂತ ಬರೆದುಕೊಂಡೆ. ಕಾರಿನ ಕೆಳಗೆ ಯಾರೂ ಬಗ್ಗಿ ನೋಡಲಿಲ್ಲ. 2018ರ ಮಳೆಗಾಲದಲ್ಲಿ ಮನೆ ಹತ್ತಿರದ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ಪುಣ್ಯಕ್ಕೆ ಎದುರಿಗಿದ್ದದ್ದು ಮನುಷ್ಯರಲ್ಲ, ಪಕ್ಕದ ಮನೆಯವರ ಕಾಂಪೌಂಡು. ಗ್ಯಾರೇಜಿನಲ್ಲಿ ಮೇಸ್ತ್ರಿ ಡ್ರಮ್ ಬಿಚ್ಚಿ, ತುಕ್ಕು ಹಿಡಿದು ಸೋರುತ್ತಿದ್ದ ವೀಲ್ ಸಿಲಿಂಡರ್ ತೋರಿಸಿ, “ಇದು ನಿನ್ನೆ ಮೊನ್ನೆಯದಲ್ಲ ಸಾರ್, ಮೂರ್ನಾಲ್ಕು ವರ್ಷದ್ದು” ಅಂದರು. ಬ್ರೇಕು, ಬಾನೆಟ್ಟಿನ ಟಿಂಕರಿಂಗ್, ಪೇಂಟು, ಗೋಡೆ ಎಲ್ಲ ಸೇರಿ 23,500 ರೂಪಾಯಿ ಆಯಿತು.

ಎರಡನೆಯದು ಸೋಮಾರಿತನದ ಲೆಕ್ಕ. 2021ರಲ್ಲಿ ಮತ್ತೆ ಆರ್‌ಸಿ ಮುಗಿಯಿತು. ಕೋವಿಡ್ ಕಾರಣಕ್ಕೆ ಇಂಥ ದಾಖಲೆಗಳ ಅವಧಿಯನ್ನು ಸರ್ಕಾರ ಆ ವರ್ಷದ ಅಕ್ಟೋಬರ್ 31ರವರೆಗೆ ವಿಸ್ತರಿಸಿತ್ತು. ಅಷ್ಟರೊಳಗೆ ಹೋಗಿದ್ದರೆ ಶುಲ್ಕ 600 ರೂಪಾಯಿ. ‘ದೀಪಾವಳಿ ಕಳೀಲಿ’, ‘ಸಂಕ್ರಾಂತಿ ಮುಗೀಲಿ’ ಅಂತ ಮುಂದೂಡುತ್ತಾ ಕೂತೆ. 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 5,000 ಆಯಿತು. ನಾನು ಜೂನ್‌ನಲ್ಲಿ ಅರ್ಜಿ ಹಾಕಿದಾಗ ತಿಂಗಳಿಗೆ 500ರಂತೆ ಎಂಟು ತಿಂಗಳ ದಂಡವೂ ಸೇರಿತು. ಆರುನೂರರ ಕೆಲಸಕ್ಕೆ 9,000 ತೆತ್ತೆ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು ಅನ್ನೋದು ನನಗೆ ತಿಳಿದದ್ದು ಆಮೇಲೆ.

ಆ ಸಲ ಮಾತ್ರ ಕಾರನ್ನು ನಾನೇ ಓಡಿಸಿಕೊಂಡು ಹೋದೆ. ಅದಕ್ಕೂ ಮುಂಚೆ ಜೆ.ಸಿ. ರಸ್ತೆ ಅಲೆದು ವೈಪರ್ ಮೋಟಾರು, ರಬ್ಬರು ಹುಡುಕಿದೆ. ನೆಲದ ತಗಡಿಗೆ ಪ್ಯಾಚ್ ವೆಲ್ಡಿಂಗ್, ಸ್ಟೇರಿಂಗ್ ಆಟ ಬಿಗಿ ಮಾಡಿಸಿದ್ದು, ಹೆಡ್‌ಲೈಟ್ ವೈರಿಂಗ್ ಎಲ್ಲ ಸೇರಿ 14,000. ಇನ್‌ಸ್ಪೆಕ್ಟರ್ ಲೈಟು, ಹಾರನ್ನು, ಟೈರು, ಬ್ರೇಕು ನೋಡಿ ಚಾಸಿ ನಂಬರ್ ತೋರಿಸಿ ಅಂದರು. ಹಿಂದೆ ಪೇಂಟ್ ಹೊಡೆದವರು ಅದನ್ನೂ ಮುಚ್ಚಿಬಿಟ್ಟಿದ್ದರು! ಅಲ್ಲೇ ಕೂತು ಕೆರೆದು, ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದುಕೊಟ್ಟೆ. ಹಳೇ ಕಾರು ಹೊಗೆ ತಪಾಸಣೆಯಲ್ಲಿ ಫೇಲಾಗುತ್ತೆ ಎಂಬ ಹೆದರಿಕೆ ಬೇಡ. ಅದನ್ನು ಅಳೆಯುವುದು ಅದರ ಕಾಲದ ಅಳತೆಗೋಲಿನಲ್ಲೇ. ಭಾರತ್ ಸ್ಟೇಜ್-2ಕ್ಕೂ ಹಿಂದಿನ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ 3 ಪರ್ಸೆಂಟಿನವರೆಗೆ ಇರಬಹುದು, ಸ್ಟೇಜ್-2ರ ಕಾರಿಗೆ ಅರ್ಧ ಪರ್ಸೆಂಟ್ ಮಾತ್ರ. ಕಾರ್ಬ್ಯುರೇಟರ್ ಟ್ಯೂನ್ ಆಗಿದ್ದರೆ ಸಾಕು.

ಆರ್‌ಸಿ ಮುಗಿದ ಗಾಡಿ ಓಡಿಸುವುದಕ್ಕೆ ಪೊಲೀಸರ ದಂಡಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಚಾಲ್ತಿ ನೋಂದಣಿಯಿಲ್ಲದ ವಾಹನವನ್ನು ರಸ್ತೆಗಿಳಿಸುವುದು ವಿಮೆಯ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಆ ಎಂಟು ತಿಂಗಳಲ್ಲಿ ಫಿಯೆಟ್ ಗುದ್ದಿ ನುಜ್ಜಾಗಿದ್ದರೆ ಪ್ರೀಮಿಯಂ ಕಟ್ಟಿದ ರಸೀದಿ ಹಿಡಿದುಕೊಂಡು ಅಳಬೇಕಿತ್ತು.

ಇನ್ನು ಮುಂದಿನ ಲೆಕ್ಕ. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕ 10,000 ಆಯಿತು. ಬ್ರಿಟನ್ನಿನಲ್ಲಿ 40 ವರ್ಷ ತುಂಬಿದ, ಮೂಲ ಸ್ವರೂಪ ಕೆಡದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವೇ ಇಲ್ಲ. ನಮ್ಮಲ್ಲಿ ಮರ್ಯಾದೆ ಸಿಗಲು 50 ತುಂಬಬೇಕು. 2021ರ ನಿಯಮದಂತೆ ಆಗ 20,000 ಕಟ್ಟಿ ‘ವಿಂಟೇಜ್’ ಎಂದು ನೋಂದಾಯಿಸಿದರೆ ಹತ್ತು ವರ್ಷ ನಿಶ್ಚಿಂತೆ, ನವೀಕರಣಕ್ಕೆ 5,000. ಆದರೆ ಅದರಲ್ಲಿ ದಿನಾ ಆಫೀಸಿಗೆ ಹೋಗುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕಷ್ಟೇ ರಸ್ತೆ. ನಮ್ಮ ಫಿಯೆಟ್‌ಗೆ ಆ ಯೋಗ 2036ಕ್ಕೆ. ಅಲ್ಲಿಯವರೆಗೆ ಅದು ಮುದಿ ಗಾಡಿ, ಅಷ್ಟೆ. ಎರಡು ನವೀಕರಣ, ಒಂದು ವಿಂಟೇಜ್ ನೋಂದಣಿ ಸೇರಿ ಇಂದಿನ ದರದಲ್ಲೇ 40,000 ರೂಪಾಯಿ ಬರೀ ಶುಲ್ಕಕ್ಕೆ ಬೇಕು.

ಅದಕ್ಕೇ ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ಮಾಡಿಸಿದ್ದೇನೆ. ಐದು ವರ್ಷಕ್ಕೆ ಅಸಲೇ 60,000. ಶುಲ್ಕ ಕಳೆದು ಮಿಕ್ಕದ್ದೆಲ್ಲ ಬ್ರೇಕಿಗೆ, ತಗಡಿಗೆ. ತಿಂಗಳಿಗೆ ಸಾವಿರ ಎತ್ತಿಡಲು ಕಷ್ಟವಾಗುವವರು ಹಳೇ ಕಾರಿನ ಮೋಹ ಬಿಡುವುದೇ ಲೇಸು. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದರೆ ಹೊಸ ಗಾಡಿಗೆ ರಿಯಾಯಿತಿ ಸಿಗುತ್ತದೆ.

ಮೊನ್ನೆ ಪುಸ್ತಕ ತೆಗೆದು 2016ರ ಪುಟ ಅಪ್ಪನಿಗೆ ಓದಿ ಹೇಳಿದೆ. “ಎಫ್‌ಸಿ ಖರ್ಚು ಅಂತ ಯಾಕೋ ಬರ್ದಿದ್ದೀಯ? ನೋಡ್ಲೇ ಇಲ್ಲವಲ್ಲ” ಅಂದರು. ಆ ಸಾಲು ಹೊಡೆದು ಹಾಕಿ, 4,000ದ ಮುಂದೆ ‘ದಂಡ’ ಅಂತ ತಿದ್ದಿದೆ. 14,000ದ ಮುಂದೆ ‘ಎಫ್‌ಸಿ’ ಅಂತ ಬರೆದೆ.