ಚಿಟ್ಟೆಗೆ ಮೀಸೆಯೇ ಮೂಗು



ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮಗೆ ಗೊತ್ತಾಗುತ್ತೆ. ಹೇಗೆ? ವಾಸನೆ ಮೂಗಿಗೆ ಬರುತ್ತೆ. ಹುಳ ಹುಪ್ಪಟೆಗೂ ವಾಸನೆ ತಿಳಿಯುತ್ತೆ. ಆದರೆ ಅವಕ್ಕೆ ನಮ್ಮ ಹಾಗೆ ಮೂಗಿಲ್ಲ. ಹಾಗಾದರೆ ಹೇಗೆ ತಿಳಿಯುತ್ತೆ?

ರೇಷ್ಮೆ ಚಿಟ್ಟೆಯನ್ನೇ ನೋಡೋಣ. ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲದ ಕಡೆಯವರಿಗೆ ರೇಷ್ಮೆ ಹುಳು ಹೊಸದಲ್ಲ. ಹುಳು ಹಿಪ್ಪುನೇರಳೆ ಸೊಪ್ಪು ತಿಂದು ಗೂಡು ಕಟ್ಟುತ್ತೆ. ಬಿತ್ತನೆ ಗೂಡನ್ನು ಹಾಗೇ ಬಿಟ್ಟರೆ ಬಿಳಿ ಚಿಟ್ಟೆ ಹೊರಗೆ ಬರುತ್ತೆ. ಈ ಚಿಟ್ಟೆ ಏನೂ ತಿನ್ನಲ್ಲ. ಹಾರಲೂ ಆಗಲ್ಲ. ಕೆಲವೇ ದಿನ ಬದುಕುತ್ತೆ. ಅಷ್ಟರಲ್ಲಿ ಗಂಡು ಹೆಣ್ಣು ಸೇರಬೇಕು, ಮೊಟ್ಟೆ ಇಡಬೇಕು.

ಹೆಣ್ಣು ಚಿಟ್ಟೆ ಕೂತಲ್ಲೇ ಕೂತಿರುತ್ತೆ. ಬಾಲದ ತುದಿಯಿಂದ ಒಂದು ವಾಸನೆ ಬಿಡುತ್ತೆ. ಗಂಡು ಅದನ್ನು ಹಿಡಿದು, ರೆಕ್ಕೆ ಪಟಪಟ ಬಡಿಯುತ್ತಾ ಹೆಣ್ಣಿನ ಕಡೆ ನಡೆದು ಬರುತ್ತೆ.

ಈ ವಾಸನೆ ಏನು ಅಂತ ಜರ್ಮನಿಯ ವಿಜ್ಞಾನಿ ಬ್ಯೂಟನಾಂಟ್ ಹುಡುಕಿದರು. ಅದಕ್ಕೆ ಸುಮಾರು 20 ವರ್ಷ ಹಿಡಿಯಿತು. ಸುಮಾರು 5 ಲಕ್ಷ ಹೆಣ್ಣು ಚಿಟ್ಟೆ ಬೇಕಾಯಿತು. ಕೊನೆಗೆ 1959ರಲ್ಲಿ ಅದು ಯಾವ ವಸ್ತು ಅಂತ ತಿಳಿಯಿತು. ಅದಕ್ಕೆ ಬಾಂಬಿಕಾಲ್ ಅಂತ ಹೆಸರಿಟ್ಟರು.

ಮೀಸೆಯ ಒಳಗೆ ಏನಿದೆ?

ಗಂಡು ಚಿಟ್ಟೆಯ ತಲೆ ಮೇಲೆ ಬಾಚಣಿಗೆಯ ಹಾಗೆ ಎರಡು ಮೀಸೆ ಇವೆ. ಇವೇ ಕುಡಿಮೀಸೆ. ಅದರ ತುಂಬ ಸಾವಿರಾರು ಸಣ್ಣ ಕೂದಲು. ಕೂದಲಿನಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ವಾಸನೆಯ ಕಣ ಅಲ್ಲಿಂದ ಒಳಗೆ ಹೋಗುತ್ತೆ. ಒಳಗೆ ಉಪ್ಪು ಬೆರೆತ ರಸ ಇದೆ. ರಸದ ನಡುವೆ ನರ ಇದೆ.

ಉಪ್ಪನ್ನು ನೀರಿಗೆ ಹಾಕಿದರೆ ಕರಗಿ ಸಣ್ಣ ಸಣ್ಣ ಕಣ ಆಗುತ್ತೆ. ಆ ಒಂದೊಂದು ಕಣದಲ್ಲೂ ಚೂರು ವಿದ್ಯುತ್ ಇರುತ್ತೆ. ಇಂಥ ಕಣಕ್ಕೆ ಅಯಾನು ಅಂತಾರೆ. ನರದ ಗೋಡೆಯಲ್ಲಿ ಅಯಾನು ಹೋಗೋಕೆ ಸಣ್ಣ ದಾರಿ ಇದೆ. ಅದೇ ಅಯಾನು ಕಾಲುವೆ.

ಕೆರೆಯ ತೂಬು ನೋಡಿದ್ದೀರಲ್ಲ? ತೂಬು ಮುಚ್ಚಿದ್ದರೆ ನೀರು ನಿಂತಿರುತ್ತೆ. ಎತ್ತಿದರೆ ನುಗ್ಗುತ್ತೆ. ಇಲ್ಲೂ ಹಾಗೇ. ವಾಸನೆಯ ಕಣ ಬಂದು ಕೂತರೆ ಈ ತೂಬು ತೆರೆಯುತ್ತೆ. ಅಯಾನು ಒಳಗೆ ನುಗ್ಗುತ್ತೆ. ವಿದ್ಯುತ್ ಹುಟ್ಟುತ್ತೆ. ನರದ ಉದ್ದಕ್ಕೂ ಬೇರೆ ತೂಬುಗಳಿವೆ. ಅವು ಒಂದಾದ ಮೇಲೊಂದು ತೆರೆದು ಮುಚ್ಚಿ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುತ್ತವೆ. "ಹೆಣ್ಣು ಇಲ್ಲೇ ಇದೆ" ಅಂತ ಗಂಡಿಗೆ ತಿಳಿಯುತ್ತೆ. ಬಾಂಬಿಕಾಲಿನ ಒಂದೇ ಒಂದು ಕಣ ತಾಗಿದರೂ ನರ ಎಚ್ಚರವಾಗುತ್ತೆ!

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯೋದು ಒಂದು, ತೂಬು ಇನ್ನೊಂದು. ಕೀಟದ ಮೀಸೆಯಲ್ಲಿ ವಾಸನೆ ಹಿಡಿಯುವ ಭಾಗವೇ ತೂಬು. ಇದನ್ನು ವಿಜ್ಞಾನಿಗಳು ತೋರಿಸಿದ್ದು 2008ರಲ್ಲಿ.

ಇದು ತಿಳಿದು ನಮಗೇನು?

ಬದನೆ ಗಿಡಕ್ಕೆ ಕುಡಿ ಮತ್ತು ಕಾಯಿ ಕೊರೆಯುವ ಹುಳ ಬೀಳುತ್ತೆ. ಅದೂ ಚಿಟ್ಟೆಯ ಮರಿಯೇ. ಅದಕ್ಕೆ ಸೈಪರ್‌ಮೆಥ್ರಿನ್‌ನಂಥ ಔಷಧಿ ಹೊಡೆಯುತ್ತಾರೆ. ಈ ಔಷಧಿ ನರದ ತೂಬು ಮುಚ್ಚದ ಹಾಗೆ ಮಾಡುತ್ತೆ. ಹುಳ ಒದ್ದಾಡಿ ಸಾಯುತ್ತೆ. ಆದರೆ ಔಷಧಿಗೆ ಇದು ಬದನೆ ಹುಳ, ಇದು ರೇಷ್ಮೆ ಹುಳ ಅಂತ ಗೊತ್ತಾಗಲ್ಲ. ಗಾಳಿಗೆ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ, ಆ ಸೊಪ್ಪು ತಿಂದ ರೇಷ್ಮೆ ಹುಳವೂ ಸಾಯುತ್ತೆ. ತಿಂಗಳ ದುಡಿಮೆ ಹೋಗುತ್ತೆ.

ವಾಸನೆ ಹಾಗಲ್ಲ. ಒಂದೊಂದು ಜಾತಿಯ ಚಿಟ್ಟೆಗೆ ಅದರದೇ ವಾಸನೆ, ಅದರದೇ ತೂಬು. ಅದಕ್ಕೇ ಮೋಹಕ ಬಲೆ ಬಂದಿದೆ. ಬಲೆಯಲ್ಲಿ ಹೆಣ್ಣು ಚಿಟ್ಟೆಯ ವಾಸನೆಯ ಗುಳಿಗೆ ಇಡುತ್ತಾರೆ. ಗಂಡು ಮೋಸ ಹೋಗಿ ಒಳಗೆ ಬೀಳುತ್ತೆ. ಹೆಣ್ಣಿಗೆ ಜೋಡಿ ಸಿಗದಿದ್ದರೆ ಮೊಟ್ಟೆ ಒಡೆಯಲ್ಲ. ರೇಷ್ಮೆ ಹುಳಕ್ಕೆ ತೊಂದರೆ ಇಲ್ಲ.

ಬಲೆ ಒಂದೇ ಸಾಲದು. ಬಾಡಿದ ಕುಡಿ, ತೂತು ಬಿದ್ದ ಕಾಯಿ ಕಿತ್ತು ನಾಶ ಮಾಡಬೇಕು. ಗುಳಿಗೆಯ ವಾಸನೆ ಕಡಿಮೆಯಾದಾಗ ಬದಲಾಯಿಸಬೇಕು. ಯಾವ ಬೆಳೆಗೆ ಯಾವ ಗುಳಿಗೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ.

ಸೊಪ್ಪು ಕೊಯ್ಯೋರು, ಹುಳಕ್ಕೆ ಸೊಪ್ಪು ಹಾಕೋರು ಹೆಚ್ಚಾಗಿ ನಾವು ಹೆಂಗಸರೇ. ಮನೆಗೆ ಔಷಧಿ ತಂದರೆ ಅದರ ಜೊತೆ ಬರುವ ಚೀಟಿ ಓದಿ. "ಯಾವ ಔಷಧಿ? ಎಲ್ಲಿಗೆ? ಯಾವಾಗ?" ಅಂತ ಕೇಳಿ. ನಾವು ಓದು ಕಲಿತದ್ದು ಇದಕ್ಕೂ ಹೌದು.

ಹೊಸ ಪದಗಳು
ಕುಡಿಮೀಸೆ – ಕೀಟದ ತಲೆ ಮೇಲಿನ ಮೀಸೆ
ಅಯಾನು – ವಿದ್ಯುತ್ ಇರುವ ಸಣ್ಣ ಕಣ
ಮೋಹಕ ಬಲೆ – ವಾಸನೆ ಇಟ್ಟು ಚಿಟ್ಟೆ ಹಿಡಿಯುವ ಬಲೆ

ಉತ್ತರ ಬರೆಯಿರಿ
1. ಗಂಡು ಚಿಟ್ಟೆ ವಾಸನೆಯನ್ನು ಯಾವುದರಿಂದ ಹಿಡಿಯುತ್ತೆ?
2. ವಾಸನೆಯ ಕಣ ಬಂದು ಕೂತರೆ ಏನಾಗುತ್ತೆ?
3. ಔಷಧಿಗೂ ಮೋಹಕ ಬಲೆಗೂ ಇರುವ ವ್ಯತ್ಯಾಸ ಏನು?

ಮಾಡಿ ನೋಡಿ
ರಾತ್ರಿ ದೀಪಕ್ಕೆ ಬರುವ ಚಿಟ್ಟೆಗಳ ಮೀಸೆ ನೋಡಿ. ಯಾವುದು ದಾರದ ಹಾಗಿದೆ? ಯಾವುದು ಬಾಚಣಿಗೆಯ ಹಾಗಿದೆ? ಕೇಂದ್ರಕ್ಕೆ ಬಂದಾಗ ಎಲ್ಲರಿಗೂ ಹೇಳಿ.